ಸದ್ದು ಕುಗ್ಗಿದ ಪೆಟ್ಟಿಗೆ

ಅಕ್ಕನ ಫೋನು ಬಂದಾಗ ಜೇಡ ಲಿಫ್ಟಿನ ತಳದ ಕುಣಿಯಲ್ಲಿ ಮಂಡಿಯೂರಿ ಹಳಿಗೆ ಗ್ರೀಸು ಹಚ್ಚುತ್ತಿದ್ದ. ಲಿಫ್ಟು ರಿಪೇರಿ ಅವನ ಕಸುಬು. ದಿನವಿಡೀ ಹಗ್ಗ ಹಳಿಗಳ ನಡುವೆ ನೇತಾಡುವವನಾದ್ದರಿಂದ ಜೊತೆ ಕೆಲಸದವರು ಇಟ್ಟ ಅಡ್ಡಹೆಸರು ಜೇಡ. ಅದು ಕೆಲಸದ ಜಾಗದಿಂದ ಮನೆಗೂ ನಡೆದು ಬಂದು, ಕೊನೆಗೆ ಒಡಹುಟ್ಟಿದ ಅಕ್ಕನ ಬಾಯಲ್ಲೇ ಕೂತುಬಿಟ್ಟಿತ್ತು.

ಅಕ್ಕ ಸುತ್ತಿ ಬಳಸಿ ಮಾತಾಡುವವಳಲ್ಲ. ಭಾವ ಕಟ್ಟಿದ ಹಾಡಿನ ಪೆಟ್ಟಿಗೆಯಲ್ಲಿ ಸದ್ದು ಸತ್ತುಹೋಗಿದೆ, ಎಷ್ಟು ಜೋರು ಮಾಡಿದರೂ ನೆಗಡಿಯಾದವರು ಗೋಡೆಯಾಚೆ ಹಾಡಿದ ಹಾಗೆ ಕೇಳಿಸುತ್ತದೆ, ಭಾವ ಅದರ ಮುಂದೆ ಕೂತು ಕುರ್ಚಿಯ ಕೈ ಬಡಿಯುತ್ತಾರೆ, ಭಾನುವಾರ ಬಂದು ನೋಡು ಎಂದಳು. ಹಳೆಯ ರೇಡಿಯೋ ವಾಲ್ವಿನ ಕೆಲಸ ತನಗೆ ಅಷ್ಟಾಗಿ ಬರುವುದಿಲ್ಲ ಎನ್ನಲು ಜೇಡ ಬಾಯಿ ತೆರೆದ. ಅಷ್ಟರಲ್ಲಿ ಅವಳು ಇನ್ನೊಂದು ಮಾತು ಸೇರಿಸಿದಳು.

"ಬಾಯಿಬಿಟ್ಟು ಏನೂ ಕೇಳೋಕಾಗಲ್ಲ ಕಣೋ ಅವರಿಗೆ. ಇದೊಂದು ಕೇಳ್ತಿದ್ದಾರೆ ಅನ್ಸುತ್ತೆ. ಇದನ್ನಾದ್ರೂ ಮಾಡಿಕೊಡೋಣ."

ಇದಕ್ಕೆ ಇಲ್ಲವೆನ್ನುವ ಬಾಯಿ ಅವನದಲ್ಲ.

ಭಾವ ಎಂದರೆ ಅಕ್ಕನ ಗಂಡ, ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರಗಳ ಮೆಕ್ಯಾನಿಕ್ ಆಗಿದ್ದವರು. ಸಾಲುಸಾಲು ಯಂತ್ರಗಳ ಗದ್ದಲದಲ್ಲಿ ಹಗಲು ಕಳೆದವರಿಗೆ ಮನೆಗೆ ಬಂದರೆ ಸದ್ದಿಲ್ಲದಿದ್ದರೆ ಸಾಕು ಅನ್ನಿಸಬೇಕು. ಅವರಿಗೆ ಬೇಕಾಗಿದ್ದು ಹಾಡು. ಅದೂ ಅಂಗಡಿಯಲ್ಲಿ ಸಿಗುವ ಡಬ್ಬಿಯಿಂದಲ್ಲ. ಗುಜರಿ ಸೇರಿದ ರೇಡಿಯೋಗಳ ಹೊಟ್ಟೆಯಿಂದ ಗಾಜಿನ ಬುರುಡೆಯಂಥ ವಾಲ್ವು ಕಿತ್ತು, ಕರವಸ್ತ್ರದಲ್ಲಿ ಮೊಟ್ಟೆಯ ಹಾಗೆ ಸುತ್ತಿ ತಂದು, ತಗಡು ಬಗ್ಗಿಸಿ, ತೂತು ಕೊರೆದು, ಒಂದು ಆಂಪ್ಲಿಫೈಯರನ್ನು ತಾವೇ ಕಟ್ಟಿದ್ದರು. ವಾಲ್ವಿನ ಬಲವನ್ನು ಸ್ಪೀಕರಿಗೆ ದಾಟಿಸುವ ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತಿದ್ದೂ ಮನೆಯಲ್ಲೇ, ಒಂದು ಹಳೆಯ ಹೊಲಿಗೆ ಯಂತ್ರದ ಚಕ್ರದಿಂದ. ಅಕ್ಕ ಚಕ್ರ ತಿರುಗಿಸುತ್ತ ಸುತ್ತು ಎಣಿಸುತ್ತಿದ್ದಳು, ಭಾವ ಕೂದಲೆಳೆಯಂಥ ತಂತಿಯನ್ನು ಎರಡು ಬೆರಳ ನಡುವೆ ಹಿಡಿದು ಒಂದರ ಪಕ್ಕ ಒಂದು ಕೂರಿಸುತ್ತಿದ್ದರು. ನಡುವೆ ಯಾರು ಮಾತಾಡಿಸಿದರೂ ಲೆಕ್ಕ ತಪ್ಪೀತೆಂದು ಅಕ್ಕ ಅಂಕಿಯನ್ನೇ ಹೇಳುತ್ತಿದ್ದಳು. ಹಾಲಿನವನು ಬಾಗಿಲಲ್ಲಿ ನಿಂತು ಎಷ್ಟು ಬೇಕಮ್ಮ ಎಂದು ಕೇಳಿದಾಗ "ಏಳುನೂರ ಹನ್ನೆರಡು" ಎಂದಿದ್ದಳು. ಅವನು ಕ್ಯಾನು ಹೊತ್ತುಕೊಂಡು ಸುಮ್ಮನೆ ಹೊರಟುಹೋಗಿದ್ದ.

ಜೇಡ ಆಗ ಅದೇ ಮನೆಯಲ್ಲಿದ್ದ. ತಾಯಿ ತೀರಿಕೊಂಡ ಮೇಲೆ ಅಕ್ಕ ತಮ್ಮನನ್ನು ಗಂಡನ ಮನೆಗೆ ಕರೆತಂದಾಗ ಭಾವ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನಡುಮನೆಯ ಮೂಲೆಗೆ ಒಂದು ಮಂಚ ತಂದು ಹಾಕಿದರು, ಅಷ್ಟೆ. ಬೆಸುಗೆ ಹಾಕುವುದನ್ನು, ಕರೆಂಟಿರುವ ಕಡೆ ಶಾಕು ಎದೆ ಹಾಯದ ಹಾಗೆ ಒಂದು ಕೈಯನ್ನು ಜೇಬಿನಲ್ಲಿಟ್ಟುಕೊಂಡೇ ಕೆಲಸ ಮಾಡುವುದನ್ನು ಅವನು ಕಲಿತದ್ದು ಆ ಮೂಲೆಯಲ್ಲಿ. ಅನ್ನ ಕೊಡುವ ಕಸುಬಿಗೆ ಬುನಾದಿ ಬಿದ್ದದ್ದು ಅಲ್ಲಿ.

ಹೋದ ಚಳಿಗಾಲದಲ್ಲಿ ಹಲ್ಲುಜ್ಜುತ್ತ ನಿಂತಿದ್ದ ಭಾವ ಹಾಗೇ ಪಕ್ಕಕ್ಕೆ ವಾಲಿದರು. ಲಕ್ವ ಹೊಡೆದಿತ್ತು. ಬಲಗೈ ಬಲಗಾಲು ಸೋತವು, ಮಾತು ಪೂರಾ ಹೋಯಿತು. ಹೋದದ್ದರಲ್ಲಿ ಅದು ಹೇಗೋ ಒಂದೇ ಒಂದು ಪದ ನಾಲಗೆಗೆ ಅಂಟಿಕೊಂಡು ಉಳಿಯಿತು. "ಆಯ್ತು." ನೀರು ಬೇಕಾದರೂ ಆಯ್ತು, ನೀರು ಚೆಲ್ಲಿದರೂ ಆಯ್ತು, ಬಂದವರಿಗೂ ಆಯ್ತು, ಹೊರಟವರಿಗೂ ಆಯ್ತು. ನೋಡಲು ಬಂದ ನೆಂಟರು, ಪರವಾಗಿಲ್ಲ, ಮಾತು ಬರುತ್ತಿದೆಯಲ್ಲ ಎಂದು ಸಮಾಧಾನ ಹೇಳಿ ಹೋಗುತ್ತಿದ್ದರು.

ಭಾನುವಾರ ಜೇಡ ಮೀಟರು, ಸ್ಕ್ರೂ ಡ್ರೈವರುಗಳ ಚೀಲ ಹೆಗಲಿಗೇರಿಸಿ ಹೋದ. ನಡುಮನೆ ಮೊದಲಿನದೇ, ಸಾಮಾನು ಮಾತ್ರ ಜಾಗ ಬದಲಿಸಿದ್ದವು. ಗೋಡೆಯುದ್ದಕ್ಕೂ ಹಿಡಿದು ನಡೆಯಲು ಮರದ ಕಟಕಟೆ ಬಂದಿತ್ತು. ಕಿಟಕಿಯ ಪಕ್ಕ ಭಾವನ ಕುರ್ಚಿ, ಎದುರಿಗೆ ಮೇಜಿನ ಮೇಲೆ ಪೆಟ್ಟಿಗೆ, ಅದರ ಪಕ್ಕ ರೆಕಾರ್ಡ್ ಪ್ಲೇಯರು. ಭಾವನಿಗೆ ನೀಟಾಗಿ ತಲೆ ಬಾಚಿತ್ತು, ಬೈತಲೆ ಮಾತ್ರ ಅವರು ತೆಗೆಯುವ ಕಡೆಗಲ್ಲದೆ ಇನ್ನೊಂದು ಕಡೆಗಿತ್ತು. ಅವನನ್ನು ಕಂಡದ್ದೇ ಎಡಗೈ ಎತ್ತಿ, "ಆಯ್ತು" ಎಂದರು.

ಜೇಡ ಸ್ವಿಚ್ಚು ಹಾಕಿದ. ವಾಲ್ವುಗಳು ಮೆಲ್ಲಗೆ ಕೆಂಪಾದವು. ರೆಕಾರ್ಡಿನ ಮೇಲೆ ಮುಳ್ಳು ಇಟ್ಟಾಗ ಹಾಡು ಬಂತು, ಬಂತು ಅನ್ನಲಷ್ಟೇ. ಅಡುಗೆಮನೆಯಲ್ಲಿ ಅಕ್ಕ ಪಾತ್ರೆ ಇಟ್ಟ ಸದ್ದಿಗೆ ಅದು ಮುಚ್ಚಿಹೋಯಿತು. ಜೋರು ಮಾಡಿದರೆ ಗಾಯಕನ ಗಂಟಲು ಹರಿದು ಗರಗರ ಎಂದಿತೇ ಹೊರತು ಸದ್ದು ಬೆಳೆಯಲಿಲ್ಲ. ಒಂದು ಕಾಲಕ್ಕೆ ಇದೇ ಪೆಟ್ಟಿಗೆ ಕಿಟಕಿಯ ಗಾಜು ನಡುಗಿಸುತ್ತಿತ್ತು. ಭಾವ ಎಡಗೈಯಿಂದ ಕುರ್ಚಿಯ ಕೈಯನ್ನು ಬಡಿಯತೊಡಗಿದರು.

"ನೋಡಿದ್ಯಾ?" ಎಂದಳು ಅಕ್ಕ, ಬಾಗಿಲಿಗೆ ಬಂದು. "ಹಾಕಿದಾಗಲೆಲ್ಲ ಹೀಗೇ."

ಪೆಟ್ಟಿಗೆಯನ್ನು ಮಗುಚಿ ತಳದ ತಗಡು ಬಿಚ್ಚಿದ. ಒಳಗೆ ತಂತಿಗಳನ್ನು ಹೊಲಿದಿಟ್ಟ ಹಾಗೆ ಕೂರಿಸಿತ್ತು. ಪ್ರತಿ ತಿರುವೂ ಮೂಲೆ ಮಡಿಸಿದ ಅಂಚಿನಂತೆ. ನಕ್ಷೆ ಎಲ್ಲಿದೆಯೆಂದು ಅಕ್ಕನನ್ನು ಕೇಳಿದರೆ ಅವಳು ಗಂಡನ ತಲೆಯ ಕಡೆ ಗಲ್ಲ ಎತ್ತಿ ತೋರಿಸಿದಳು. ಭಾವ ಯಾವ ನಕ್ಷೆಯನ್ನೂ ಬರೆದಿಟ್ಟವರಲ್ಲ. ಕಟ್ಟಿದವನಿಗೆ ನಕ್ಷೆ ಯಾಕೆ ಅನ್ನುವ ಜಾತಿ.

ಎಡಗೈ ಜೇಬಿಗೆ ಹಾಕಿಕೊಂಡು ಒಂದೊಂದೇ ಕಡೆ ಮೀಟರು ಹಿಡಿದ. ಕರೆಂಟು ಒಳಗೆ ಬರುವ ಭಾಗ ಸರಿ. ಕೊನೆಯ ಜೋಡಿ ವಾಲ್ವುಗಳು, ಸ್ಪೀಕರನ್ನು ಎಳೆಯುವ ಎತ್ತುಗಳು ಅವೇ, ಎರಡಕ್ಕೂ ವೋಲ್ಟು ಸಮ. ಒಂದನ್ನು ತೆಗೆದು ಇನ್ನೊಂದರ ಜಾಗಕ್ಕೆ ಹಾಕಿ ನೋಡಿದ. ಏನೂ ಬದಲಾಗಲಿಲ್ಲ. ಎಲ್ಲ ಲೆಕ್ಕವೂ ಸರಿ, ಬಲ ಮಾತ್ರ ಇಲ್ಲ. ಇಂಥ ರೋಗವೇ ಕೆಟ್ಟದ್ದು. ಲಿಫ್ಟಿನಲ್ಲಾದರೆ ಒಂದು ತಂತಿ ಸುಟ್ಟಿರುತ್ತದೆ, ಒಂದು ಫ್ಯೂಸು ಹೋಗಿರುತ್ತದೆ, ನಿಂತದ್ದು ನಿಂತಲ್ಲೇ ತನ್ನ ಕಥೆ ಹೇಳುತ್ತದೆ. ಇದು ನಿಂತಿರಲಿಲ್ಲ, ನಡೆಯುತ್ತಲೂ ಇರಲಿಲ್ಲ.

ಆಗ ಅವನಿಗೆ ಒಂದು ಉಪಾಯ ಹೊಳೆಯಿತು. ಅಕ್ಕನ ಹೆಣಿಗೆಯ ಮರದ ಕಡ್ಡಿಯೊಂದನ್ನು ತಂದು, ಭಾವನಿಗೆ ಕಾಣುವ ಹಾಗೆ ಪೆಟ್ಟಿಗೆ ತಿರುಗಿಸಿ, ಒಂದೊಂದೇ ಭಾಗದ ಮೇಲೆ ಕಡ್ಡಿ ಇಟ್ಟು ಕೇಳಿದ.

"ಇದಾ ಭಾವ?"

ಭಾವ ಮುಂದೆ ಬಾಗಿ ನೋಡಿದರು. ಹುಬ್ಬು ಗಂಟಾಯಿತು. ಹಳೆಯ ಭಾವ, ಕಾರ್ಖಾನೆಯಿಂದ ಬಂದು ಶರಟು ಬಿಚ್ಚದೆ ಪೆಟ್ಟಿಗೆಯ ಮುಂದೆ ಕೂರುತ್ತಿದ್ದ ಭಾವ, ಒಂದು ಕ್ಷಣ ಆ ಮುಖಕ್ಕೆ ಬಂದು ಕೂತರು.

"ಆಯ್ತು" ಎಂದರು, ಗಟ್ಟಿಯಾಗಿ.

ಕಡ್ಡಿ ಇದ್ದದ್ದು ವಾಲ್ವಿನಿಂದ ವಾಲ್ವಿಗೆ ಸದ್ದು ದಾಟಿಸುವ ಒಂದು ಕೆಪಾಸಿಟರಿನ ಮೇಲೆ. ಜೇಡನಿಗೆ ಖುಷಿಯಾಯಿತು. ವೈದ್ಯ ಹೇಳಿದ್ದೂ ಹಾಲು ಅನ್ನ, ರೋಗಿ ಬಯಸಿದ್ದೂ ಹಾಲು ಅನ್ನ ಎಂಬಂತೆ, ತನ್ನ ಗುಮಾನಿಯೂ ಅದರ ಮೇಲೇ ಇತ್ತು. ಮರುದಿನವೇ ಹೊಸದು ತಂದ, ಬೆಸೆದ. ಸದ್ದು ಇದ್ದಷ್ಟೇ ಇತ್ತು.

ಮತ್ತೆ ಕಡ್ಡಿ ಹಿಡಿದ. ಇದಾ? ಆಯ್ತು. ಹಾಗಾದರೆ ಈ ರೆಸಿಸ್ಟರಾ? ಆಯ್ತು. ವಾಲ್ವುಗಳೇ ಸೊರಗಿವೆಯಾ ಭಾವ? ಆಯ್ತು, ಆಯ್ತು. ಕೆಲಸ ಮುಗಿದ ಮೇಲೆ ಸಂಜೆಗಳಲ್ಲಿ ಜೇಡ ಹಳೆಯ ರೇಡಿಯೋ ಅಂಗಡಿಗಳನ್ನು ತಡಕಿದ. ಎಲ್ಲೆಲ್ಲೂ ಇಲ್ಲವೆನಿಸಿಕೊಂಡು ಕೊನೆಗೆ ಒಬ್ಬ ಅಂಗಡಿಯವನ ಅಟ್ಟದ ಮೇಲೆ ಒಂದು ಜೋಡಿ ವಾಲ್ವು ಸಿಕ್ಕಿದವು. ಅವನ್ನು ಭಾವ ತರುತ್ತಿದ್ದ ಹಾಗೇ ಕರವಸ್ತ್ರದಲ್ಲಿ ಸುತ್ತಿ ತಂದು, ಭಾವನ ಎಡಗೈಯಲ್ಲಿ ಇಟ್ಟ. ಅವರು ಬೆಳಕಿಗೆ ಎತ್ತಿ ಹಿಡಿದು ಒಳಗಿನ ತಂತಿ ನೋಡಿದರು. ನೋಡುವ ಕ್ರಮ ಮರೆತಿರಲಿಲ್ಲ. ಅಕ್ಕ ಬಾಗಿಲಿಗೊರಗಿ ನಿಂತು ಇಬ್ಬರನ್ನೂ ನೋಡುತ್ತಿದ್ದಳು.

ಹೊಸ ವಾಲ್ವು ಹಾಕಿ ಮುಳ್ಳು ಇಟ್ಟರೆ ಅದೇ ನೆಗಡಿ, ಅದೇ ಗೋಡೆಯಾಚೆಯ ಹಾಡು. ಭಾವನ ಕೈ ಕುರ್ಚಿಯ ಮೇಲೆ ಬಡಿಯಲು ಶುರುವಾಯಿತು. ಧಡ್, ಧಡ್, ಧಡ್.

ಜೇಡನಿಗೆ ತಡೆಯಲಾಗಲಿಲ್ಲ. ವಾರಗಟ್ಟಲೆಯ ಓಡಾಟ, ಬೆಸುಗೆಯ ಹೊಗೆ ಹಿಡಿದ ಕಣ್ಣು, ತನಗೆ ಎಲ್ಲವನ್ನೂ ಕಲಿಸಿದವರ ಮುಂದೆ ಏನೂ ಗೊತ್ತಿಲ್ಲದವನಾಗಿ ಕೂತ ಅವಮಾನ ಎಲ್ಲ ಒಟ್ಟಿಗೆ ಬಾಯಿಗೆ ಬಂದವು.

"ಆಯ್ತು ಅಂದ್ರೆ ಏನಾಯ್ತು ಭಾವ? ಹೌದೋ ಅಲ್ವೋ ಅಷ್ಟು ಹೇಳಿ. ತಲೆನಾದ್ರೂ ಆಡಿಸಿ. ನಾನೇನು ನಿಮ್ಮ ಮನಸ್ಸೊಳಗೆ ಇಳಿದು ನೋಡ್ಲಾ?"

ಬಡಿಯುತ್ತಿದ್ದ ಕೈ ನಿಂತಿತು. ಭಾವ ಅವನ ಮುಖವನ್ನೇ ನೋಡಿದರು. ಬಾಯಿ ತೆರೆಯಿತು, ತುಟಿಗಳು ಏನನ್ನೋ ಕಟ್ಟಲು ಹೆಣಗಿದವು, ಕುತ್ತಿಗೆಯ ನರ ಉಬ್ಬಿತು. ಆಮೇಲೆ ಬಂದದ್ದು ಅದೇ. "ಆಯ್ತು." ಹೇಳಿದ್ದು ತಾವು ಹೇಳಬೇಕೆಂದದ್ದಲ್ಲ ಎಂಬುದು ಅವರ ಕಿವಿಗೂ ಬಿದ್ದಿರಬೇಕು. ಕಣ್ಣು ತುಂಬಿ ಬಂದು ಗಲ್ಲದ ಮೇಲೆ ಇಳಿಯಿತು. ಅಕ್ಕ ಬಂದು ಸೆರಗಿನಿಂದ ಅವರ ಮುಖ ಒರೆಸಿದಳು. ತಮ್ಮನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಟೀ ಕೊಡುವ ನೆಪದಲ್ಲಿ ಅಡುಗೆಮನೆಗೆ ಕರೆದು ಅವಳು ಮೆಲ್ಲಗೆ ಹೇಳಿದಳು. "ನಿನ್ನೆ ಟೀ ಬೇಕಾ ಅಂದೆ, ಆಯ್ತು ಅಂದ್ರು. ಬೇಡ್ವಾ ಅಂದೆ, ಅದಕ್ಕೂ ಆಯ್ತು. ಕೊಟ್ಟೆ, ಕುಡಿದ್ರು. ಕೊಡದೇ ಇದ್ದಿದ್ರೆ ಸುಮ್ನಿರ್ತಿದ್ರೋ ಏನೋ. ಅವರ ಹೌದೂ ಇಲ್ಲವೂ ಬೆರೆತುಹೋಗಿದೆಯಂತೆ, ಡಾಕ್ಟ್ರು ಹೇಳಿದ್ರು."

"ಮತ್ತೆ ಮೊದಲೇ ಹೇಳಬಾರದಿತ್ತಾ ಅಕ್ಕ? ಅವರು ಹೂಂ ಅಂದ್ರು ಅಂತ ಸರಿಯಾಗಿರೋದನ್ನೆಲ್ಲ ಕಿತ್ತು ಹಾಕ್ತಾ ಕೂತಿದ್ನಲ್ಲ."

ಅವಳು ಲೋಟವನ್ನು ಕೈಯಲ್ಲೇ ತಿರುಗಿಸುತ್ತ ನಿಂತಳು. "ನೀವಿಬ್ರೂ ತಲೆಗೆ ತಲೆ ಕೊಟ್ಟು ಕೂತಿದ್ದು ನೋಡೋಕೆ ಮೊದಲಿನ ಹಾಗೇ ಇತ್ತು ಕಣೋ. ಬಾಯಿ ಬರಲಿಲ್ಲ."

ಮುಂದಿನ ಭಾನುವಾರ ಅವನು ಹೋಗಲಿಲ್ಲ. ಕೆಲಸವಿದೆ ಎಂದ. ಅದರ ಮುಂದಿನ ವಾರವೂ ಹಾಗೇ ಏನೋ ಹೇಳಿದ. ಅಕ್ಕ ಸರಿ ಎಂದಳು, ಒತ್ತಾಯ ಮಾಡಲಿಲ್ಲ. ಪೆಟ್ಟಿಗೆ ಅಂಗಾತ ಬಿದ್ದಿದೆ, ಅದರ ಮೇಲೆ ಬಟ್ಟೆ ಹೊದಿಸಿದ್ದೇನೆ ಎಂದಷ್ಟೇ ತಿಳಿಸಿದಳು. ಆ ಬಟ್ಟೆ ಹೊದಿಸಿದ ಚಿತ್ರ ಜೇಡನ ಕಣ್ಣಿಂದ ಹೋಗಲೊಲ್ಲದು. ಲಿಫ್ಟಿನ ಕುಣಿಯಲ್ಲಿ ಕೂತರೂ ಕಾಣುತ್ತಿತ್ತು, ಊಟಕ್ಕೆ ಕೂತರೂ ಕಾಣುತ್ತಿತ್ತು.

ಅಷ್ಟರಲ್ಲಿ ಒಂದು ಆಫೀಸು ಕಟ್ಟಡದ ಲಿಫ್ಟು ಕೆಟ್ಟಿತು. ಕೆಟ್ಟಿತು ಎಂದರೆ ನಿಂತಿರಲಿಲ್ಲ. ಖಾಲಿ ಡಬ್ಬಿಯನ್ನು ಎಳೆಯುತ್ತಿತ್ತು, ಜನ ಹತ್ತಿದರೆ ಗುಂಯ್ ಎನ್ನುತ್ತ ಅಲ್ಲೇ ತಿಣುಕುತ್ತಿತ್ತು. ಮೀಟರು ಹಿಡಿದರೆ ವೋಲ್ಟೆಲ್ಲ ಸರಿ. ಜೇಡ ಮೋಟರಿನ ಮೈ ಮುಟ್ಟಿ ನೋಡಿದ, ಇರಬೇಕಾದ್ದಕ್ಕಿಂತ ಹೆಚ್ಚು ಕಾದಿತ್ತು. ಸುರುಳಿಯೊಳಗೆ ತಂತಿಯ ಮೇಲಿನ ಬಣ್ಣ ಸುಲಿದು ಸುತ್ತಿಗೆ ಸುತ್ತು ತಾಗಿದರೆ ಹೀಗಾಗುತ್ತದೆ. ಹೊರಗಿಂದ ಎಲ್ಲ ನೆಟ್ಟಗೆ, ಬಲವೆಲ್ಲ ಒಳಗೊಳಗೇ ಸುಟ್ಟು ಹೋಗುತ್ತಿರುತ್ತದೆ. ಇದು ಅವನಿಗೆ ಹೊಸ ರೋಗವೇನಲ್ಲ. ವರ್ಷಕ್ಕೊಂದಾದರೂ ಇಂಥ ಮೋಟರು ಬಿಚ್ಚಿದ್ದ. ಆದರೂ ಆ ಬಿಸಿ ತಗಡಿನ ಮೇಲೆ ಅಂಗೈ ಇಟ್ಟುಕೊಂಡು ಎಷ್ಟೋ ಹೊತ್ತು ಹಾಗೇ ನಿಂತುಬಿಟ್ಟ. ಕಟ್ಟಡದ ಕಾವಲಿನವನು ಬಂದು, ಏನಾಯ್ತು ಸಾರ್ ಎಂದು ಕೇಳಿದ.

ಭಾನುವಾರದವರೆಗೆ ಕಾಯದೆ ಅವತ್ತೇ ಸಂಜೆ ಅಕ್ಕನ ಮನೆಗೆ ಹೋದ. ಭಾವನಿಗೆ ಅಕ್ಕ ಗಂಜಿ ಕುಡಿಸುತ್ತಿದ್ದಳು. ಮೊದಲು ಭಾವನ ಮುಂದೆ ಕುಕ್ಕರಗಾಲಲ್ಲಿ ಕೂತು, ಅವತ್ತು ಬಾಯಿ ಮಾಡಿದ್ದು ತಪ್ಪಾಯಿತು ಎಂದ. ಭಾವ ಆಯ್ತು ಎಂದರು. ಅದು ಕ್ಷಮಿಸಿದ ಆಯ್ತೋ ಬರಿಯ ಆಯ್ತೋ ತಿಳಿಯುವ ಬಗೆಯಿರಲಿಲ್ಲ. ಅವನು ಎದ್ದು ಪೆಟ್ಟಿಗೆಯ ಬಟ್ಟೆ ಸರಿಸಿದ.

ಅಕ್ಕ ಭಾವ ಸೇರಿ ಸುತ್ತಿದ್ದ ಟ್ರಾನ್ಸ್‌ಫಾರ್ಮರಿನಿಂದ ವಾಲ್ವಿನ ಕಡೆಯ ತಂತಿಗಳನ್ನು ಬಿಡಿಸಿ, ಒಂದು ಸಾಮಾನ್ಯ ಬಲ್ಬನ್ನು ನಡುವೆ ಸೇರಿಸಿ ಗೋಡೆಯ ಕರೆಂಟು ಕೊಟ್ಟ. ಸುರುಳಿ ಆರೋಗ್ಯವಾಗಿದ್ದರೆ ಕರೆಂಟನ್ನು ತಡೆದು ನಿಲ್ಲಿಸುತ್ತದೆ, ಬಲ್ಬು ಮಂಕಾಗಿಯೇ ಇರುತ್ತದೆ. ಅಕ್ಕ ಬಲ್ಬಿನ ಹೋಲ್ಡರು ಹಿಡಿದಿದ್ದಳು. ಸ್ವಿಚ್ಚು ಒತ್ತಿದ್ದೇ ಅವಳ ಮುಖದ ಮೇಲೆಲ್ಲ ಬೆಳಕು ಚೆಲ್ಲಿತು.

"ಉರೀತು" ಎಂದಳು ಅವಳು ಸಂತೋಷದಿಂದ.

"ಉರೀಬಾರದಿತ್ತು ಅಕ್ಕ."

ಅವನು ಬಿಡಿಸಿ ಹೇಳಿದ. ಅವಳು ಕೇಳಿಸಿಕೊಂಡು, ಬಲ್ಬನ್ನು ಕೆಳಗಿಟ್ಟು, ಕೈ ಒರೆಸಿಕೊಂಡಳು. ಆಮೇಲೆ ಕೇಳಿದ್ದು ಅವನು ಎಣಿಸದಿದ್ದ ಮಾತು.

"ನಾನು ಎಣಿಸಿದ್ದು ತಪ್ಪಿತ್ತೇನೋ?"

ಎಣಿಕೆಗೂ ಇದಕ್ಕೂ ಸಂಬಂಧವಿಲ್ಲ, ಇಷ್ಟು ವರ್ಷ ಕಾವಿಗೆ ಬೆಂದು ತಂತಿಯ ಮೇಲಿನ ಬಣ್ಣ ಎಲ್ಲೋ ಒಂದು ಕೂದಲಷ್ಟು ಜಾಗದಲ್ಲಿ ಬಿರಿದಿದೆ, ಅದು ಯಾರ ತಪ್ಪೂ ಅಲ್ಲ ಎಂದು ಜೇಡ ನಾನಾ ಬಗೆಯಲ್ಲಿ ಹೇಳಿದ. ಅವಳು ತಲೆಯಾಡಿಸಿದಳು, ನಂಬಲಿಲ್ಲ. ಆಮೇಲೆ ಗಂಡನ ಕಡೆ ನೋಡುತ್ತ, "ಅವರ ತಲೆಗೂ ಹೀಗೇ ಒಂದು ಬಲ್ಬು ಹಚ್ಚಿ ನೋಡೋ ಹಾಗಿದ್ರೆ ಡಾಕ್ಟ್ರಿಗೆ ಎಷ್ಟು ಸುಲಭ ಆಗ್ತಿತ್ತು" ಎಂದು ನಕ್ಕಳು. ಜೇಡನಿಗೆ ಆ ನಗುವಿಗೆ ಜೊತೆ ಕೊಡಲಾಗಲಿಲ್ಲ. ರೋಗ ಗೊತ್ತಾಗಿದೆ ಎಂಬ ನೆಮ್ಮದಿ ಅವನಿಗಿರಬೇಕಿತ್ತು. ಭಾವನ ರೋಗವೂ ಗೊತ್ತಾಗಿಯೇ ಇತ್ತಲ್ಲ, ಮೊದಲ ದಿನದಿಂದ.

ಬಿಚ್ಚಿ ಮತ್ತೆ ಸುತ್ತಿಬಿಡೋಣ ಎಂಬ ಆಸೆ ಅವನಿಗೆ ಇತ್ತು. ಅಕ್ಕ ಎಣಿಸಲಿ, ತಾನು ತಂತಿ ಹಿಡಿಯುತ್ತೇನೆ, ಭಾವ ಕೂತು ನೋಡಲಿ. ಆದರೆ ಅರಗಿನಲ್ಲಿ ಅದ್ದಿ ಬಿಗಿದ ಆ ಸುರುಳಿಯ ತುದಿಯನ್ನು ಎಳೆದರೆ ತಂತಿ ಸುಟ್ಟ ದಾರದಂತೆ ತುಂಡು ತುಂಡಾಗಿ ಕೈಗೆ ಬಂತು. ಯಾವ ಪದರ ಎಷ್ಟು ಸುತ್ತು, ಎಲ್ಲಿ ಕಾಗದ, ಎಲ್ಲಿಂದ ಕವಲು ಎಂಬುದೆಲ್ಲ ಗೊತ್ತಿದ್ದವರು ಒಬ್ಬರೇ. ಅವರು ಮೂರಡಿ ದೂರದಲ್ಲಿ ಕೂತಿದ್ದರು. ಜೇಡ ಕೇಳಲೂ ಹೋಗಲಿಲ್ಲ.

ವಾಲ್ವು ಕೊಟ್ಟ ಅಂಗಡಿಯವನೇ ಬೇರೆ ಊರಿನಿಂದ ಒಂದು ಸಿದ್ಧ ಟ್ರಾನ್ಸ್‌ಫಾರ್ಮರು ತರಿಸಿಕೊಟ್ಟ. ಕಾರ್ಖಾನೆಯ ಮಾಲು, ಕರಿ ಬಣ್ಣ, ಮೂಲೆಗಳೆಲ್ಲ ಚೂಪು. ಭಾವನ ತಗಡಿನ ತೂತುಗಳಿಗೆ ಅದರ ಕಾಲು ಕೂರಲಿಲ್ಲ. ಹೊಸ ತೂತು ಕೊರೆಯಬೇಕಾಯಿತು.

ಹಳೆಯದರ ಉಳಿದ ತಂತಿಗಳನ್ನು ಕತ್ತರಿಸಿ ತೆಗೆಯುವ ಮುಂಚೆ ಜೇಡ ಇಕ್ಕಳ ಹಿಡಿದು ಕುರ್ಚಿಯ ಕಡೆ ತಿರುಗಿದ. "ಭಾವ, ಇದನ್ನ ತೆಗೆದು ಬೇರೆ ಹಾಕ್ತೀನಿ."

"ಆಯ್ತು" ಎಂದರು ಭಾವ.

ಆ ಒಪ್ಪಿಗೆ ಒಪ್ಪಿಗೆಯಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೇಡವೇ ಎಂದು ಕೇಳಿದ್ದರೂ ಅದೇ ಉತ್ತರ ಬರುತ್ತಿತ್ತು, ಅದಕ್ಕೇ ಕೇಳಲಿಲ್ಲ. ಇಕ್ಕಳ ಒತ್ತಿದ. ತಂತಿ ಟಕ್ಕೆಂದು ತುಂಡಾಯಿತು. ಭಾವನ ಎಡಗೈ ಕುರ್ಚಿಯ ಮೇಲೆ ಅಲ್ಲಾಡದೆ ಇತ್ತು.

ಕೆಲಸ ಮುಗಿಯುವಾಗ ಮಧ್ಯಾಹ್ನದ ಬಿಸಿಲು ನಡುಮನೆಯ ಮಧ್ಯಕ್ಕೆ ಬಂದಿತ್ತು. ವಾಲ್ವುಗಳು ಕೆಂಪಾಗುವುದನ್ನು ಮೂವರೂ ನೋಡುತ್ತ ಕೂತರು. ಮುಳ್ಳು ರೆಕಾರ್ಡಿಗೆ ತಾಗಿತು. ಒಂದು ಕ್ಷಣ ಚರಚರ, ಆಮೇಲೆ ಹಾಡು. ಅದು ಬಂದ ರಭಸಕ್ಕೆ ಜೇಡ ತಾನೇ ಹಿಂದೆ ಸರಿದ. ಕಿಟಕಿಯ ಗಾಜು ಝಲ್ಲೆಂದಿತು. ಮೇಜಿನ ಮೇಲಿದ್ದ ಸ್ಕ್ರೂಗಳು ತಟ್ಟೆಯಲ್ಲಿ ಕುಣಿದವು. ಮೇಲಿನ ಮನೆಯ ಅಜ್ಜಿ ಕೋಲಿನಿಂದ ನೆಲ ಕುಟ್ಟಿದರು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಭಾವ ನಗಲಿಲ್ಲ. ಕುರ್ಚಿ ಬಡಿಯಲೂ ಇಲ್ಲ. ಮುಖ ಮೇಲಕ್ಕೆತ್ತಿದರು. ಸೋತ ಬಲಗಡೆಯ ಕೆನ್ನೆ ಕೂಡ ಮಿಸುಕಿದಂತಾಯಿತು. ಮರುಕ್ಷಣ ಅಳತೊಡಗಿದರು. ಅವತ್ತಿನ ಹಾಗೆ ಕಣ್ಣೀರು ಇಳಿದದ್ದಲ್ಲ. ಬಾಯಿ ತೆರೆದು, ಭುಜ ಕುಲುಕಿ, ಸಣ್ಣ ಮಕ್ಕಳ ಹಾಗೆ ಅತ್ತರು.

ಜೇಡ ಅಕ್ಕನನ್ನು ನೋಡಿದ. ಅಕ್ಕ ಜೇಡನನ್ನು ನೋಡಿದಳು. ಸಂತೋಷಕ್ಕಿರಬಹುದೇ ಎಂದು ಅವನು ಕೇಳಿದ. ಅವಳಿಗೆ ಗೊತ್ತಿರಲಿಲ್ಲ. ಲಕ್ವ ಹೊಡೆದವರು ಅತ್ತರೆ ಅದು ದುಃಖವೇ ಆಗಿರಬೇಕಿಲ್ಲ, ನಕ್ಕರೆ ಸುಖವೇ ಆಗಿರಬೇಕಿಲ್ಲ, ಅಳುವಿನ ನಲ್ಲಿ ತಾನಾಗೇ ತೆರೆದುಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ. ಕಿವಿಗೆ ಜೋರು ಸದ್ದು ತಡೆಯದೆಯೂ ಇರಬಹುದು ಎಂದಿದ್ದರಂತೆ.

ಅಕ್ಕ ಗಂಡನ ಕಿವಿಯ ಹತ್ತಿರ ಬಾಗಿ ಕೂಗಿದಳು. "ನಿಲ್ಲಿಸ್ಲಾ?"

"ಆಯ್ತು."

"ಇರ್ಲಾ? ಹಿಂಗೇ ಇರ್ಲಾ?"

"ಆಯ್ತು, ಆಯ್ತು."

ಜೇಡ ನಿಂತಲ್ಲೇ ನಿಂತ. ಇಷ್ಟು ದಿನ ಸದ್ದು ಬಂದರೆ ಎಲ್ಲ ಗೊತ್ತಾಗುತ್ತದೆ ಎಂದುಕೊಂಡಿದ್ದ. ಅವರು ಬಡಿಯುತ್ತಿದ್ದದ್ದು ಸದ್ದು ಇಲ್ಲದ್ದಕ್ಕೋ, ಇದ್ದದ್ದಕ್ಕೋ, ಅಥವಾ ಪೆಟ್ಟಿಗೆಗೆ ಸಂಬಂಧವೇ ಇಲ್ಲದ ಇನ್ನೇನಕ್ಕೋ. ಬೆನ್ನು ನೋಯುತ್ತಿತ್ತೇನೋ. ಬೈತಲೆ ಸರಿಯಿಲ್ಲವೆಂದೇನೋ. ಅವನು ವಾಲ್ಯೂಮಿನ ಗುಂಡಿಗೆ ಕೈ ಹಾಕಿದ, ಮತ್ತೆ ತೆಗೆದ. ಕಡಿಮೆ ಮಾಡಿದರೆ ಇಷ್ಟು ದಿನದ ದುಡಿಮೆಯನ್ನು ಅವರಿಂದ ಕಿತ್ತುಕೊಂಡಂತೆ, ಮಾಡದಿದ್ದರೆ ಅವರನ್ನು ಹಿಂಸಿಸಿದಂತೆ. ಅತ್ತ ದರಿ, ಇತ್ತ ಪುಲಿ.

ಆ ಗುಂಡಿಯನ್ನು ಭಾವ ಒಂದು ಕಾಲಕ್ಕೆ ಯಾರಿಗೂ ಮುಟ್ಟಲು ಬಿಟ್ಟವರಲ್ಲ. ಅಕ್ಕನಿಗಂತೂ ಅದು ಪರರ ಆಸ್ತಿ. ಕಾಯಿಲೆ ಬಿದ್ದ ಮೇಲೂ ಅವಳು ಮುಟ್ಟಿದ್ದು ಅದನ್ನು ಪೂರ್ತಿ ಜೋರಿಗೆ ತಿರುಗಿಸುವುದಕ್ಕಷ್ಟೇ, ಗಂಡನಿಗೆ ಕೇಳಲಿ ಎಂದು. ಈಗ ಅವಳು ತಮ್ಮನನ್ನು ಪಕ್ಕಕ್ಕೆ ಸರಿಸಿ ಪೆಟ್ಟಿಗೆಯ ಮುಂದೆ ಕೂತಳು. ಸದ್ದನ್ನು ಇಳಿಸಿದಳು. ಭಾವ ಅಳುತ್ತಿದ್ದರು. ಏರಿಸಿದಳು. ಅಳುತ್ತಲೇ ಇದ್ದರು. ತುಂಬಾ ಇಳಿಸಿ ಸ್ವಲ್ಪ ಹೊತ್ತು ಕಾದು ನೋಡಿದಳು. ಅದಕ್ಕೂ ಅಷ್ಟೇ. ಪ್ರತಿ ಸಲವೂ ತಿರುಗಿ ಗಂಡನ ಮುಖದಲ್ಲಿ ಏನಾದರೂ ಸಿಗುತ್ತದೆಯೇ ಎಂದು ಹುಡುಕಿದಳು. ಕೊನೆಗೆ ಹುಡುಕುವುದನ್ನು ಬಿಟ್ಟಳು. ಕಣ್ಣು ಮುಚ್ಚಿಕೊಂಡು ಗುಂಡಿಯನ್ನು ಮೆಲ್ಲಗೆ ತಿರುಗಿಸಿ ಒಂದು ಕಡೆ ನಿಲ್ಲಿಸಿದಳು. ಅದು ಜೋರೂ ಅಲ್ಲ, ಮೆತ್ತಗೂ ಅಲ್ಲ.

"ನಂಗೆ ಇಷ್ಟು ಸಾಕು" ಎಂದಳು. ಯಾರಿಗೆ ಹೇಳಿದ್ದೋ.

ಜೇಡ ನೆಲದ ಮೇಲೆ ಕೂತು ಇಕ್ಕಳ, ಮೀಟರು, ತಂತಿಯ ಚೂರುಗಳನ್ನು ಚೀಲಕ್ಕೆ ತುಂಬತೊಡಗಿದ. ತೆಗೆದ ಟ್ರಾನ್ಸ್‌ಫಾರ್ಮರನ್ನು ಏನು ಮಾಡಲಿ ಎಂದು ಕೇಳಿದ್ದಕ್ಕೆ ಅಕ್ಕ, ಇರಲಿ ಬಿಡು, ಬಾಗಿಲು ಬಡಿದುಕೊಳ್ಳದ ಹಾಗೆ ಅಡ್ಡ ಇಡೋಕೆ ಬರುತ್ತೆ ಎಂದಳು. ಭಾವನ ಅಳು, ಶುರುವಾದ ಹಾಗೇ, ಯಾವ ಕಾರಣವೂ ಇಲ್ಲದೆ ನಿಂತಿತು. ಅಕ್ಕ ಒದ್ದೆ ಬಟ್ಟೆ ತಂದು ಅವರ ಮುಖ, ಕುತ್ತಿಗೆ ಒರೆಸಿದಳು. ಬಲಗೈಯನ್ನು ಎತ್ತಿ ತೊಡೆಯ ಮೇಲೆ ಸರಿಯಾಗಿ ಇಟ್ಟಳು. ರೆಕಾರ್ಡಿನ ಮೊದಲ ಹಾಡು ಮುಗಿದು ಎರಡನೆಯದು ಶುರುವಾಗಿತ್ತು.

ಅವಳು ಒರೆಸುತ್ತಿದ್ದ ಕೈ ನಿಲ್ಲಿಸಿ ಕಿವಿಗೊಟ್ಟಳು. "ಇದರಲ್ಲಿ ಹಿಂದೆ ಒಂದು ಹೆಂಗಸಿನ ದನಿ ಇದೆಯಲ್ಲೋ. ಇಷ್ಟು ವರ್ಷ ಕೇಳಿದ್ದೀನಿ, ಗೊತ್ತೇ ಇರಲಿಲ್ಲ."

ಜೇಡನೂ ಕೇಳಿದ. ಹೌದು, ಇತ್ತು. ಗಾಯಕನ ಪ್ರತಿ ಸಾಲಿನ ಕೊನೆಯನ್ನು ಸಣ್ಣಗೆ ಎತ್ತಿಕೊಳ್ಳುತ್ತಿತ್ತು. ಭಾವನಿಗೆ ಅದು ಮೊದಲೇ ಗೊತ್ತಿತ್ತೇ ಎಂದು ಕೇಳಬೇಕೆನಿಸಿತು. ಚೀಲದ ಜಿಪ್ಪು ಎಳೆದು, ಅಡುಗೆಮನೆಗೆ ಹೋದ ಅಕ್ಕ ಕರೆದಾಗ ಊಟಕ್ಕೆ ತಟ್ಟೆ ಹಾಕಲು ಎದ್ದ.